ಸತ್ತು ಕಲಿತವನ ಕಥೆ

ತಾನು ಸಾಯದೆ ಸ್ವರ್ಗ ಸಿಕ್ಕದೆಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸ್ವರ್ಗದ ಮಾತು ಹಾಗಿರಲಿ. ತಾನು ಸಾಯದ ಹೊರತು ರಣರಂಗದ ನಿಜವಾದರೂ ಒಬ್ಬನಿಗೆ ತಿಳಿದೀತೇ? ಈ ಪ್ರಶ್ನೆಯನ್ನೆತ್ತಿಕೊಂಡು, ಅದಕ್ಕೆ ಉತ್ತರ ದೊರೆಯುವವರೆಗೂ ತನ್ನ ನಾಯಕನನ್ನು ಎಣಿಕೆಗೆ ಸಿಕ್ಕದಷ್ಟು ಸಲ ಕೊಂದು, ಮರಳಿ ಎಬ್ಬಿಸಿ, ಮತ್ತೆ ಕೊಲ್ಲುವ ಹಾಲಿವುಡ್ ಚಿತ್ರವೊಂದುಂಟು. ೨೦೧೪ರಲ್ಲಿ ತೆರೆಕಂಡ ಆ ಚಿತ್ರದ ಹೆಸರು ‘ಎಡ್ಜ್ ಆಫ್ ಟುಮಾರೋ’. ಎಂದರೆ ನಾಳೆಯ ಅಂಚು. ಡಗ್ ಲೈಮನ್ ಅದರ ನಿರ್ದೇಶಕರು. ಟಾಮ್ ಕ್ರೂಸ್ ಮತ್ತು ಎಮಿಲಿ ಬ್ಲಂಟ್ ಅದರ ಪ್ರಧಾನ ಪಾತ್ರಧಾರಿಗಳು.

ಅನ್ಯಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುವುದು, ಮನುಷ್ಯನು ಕಾಲದಲ್ಲಿ ಹಿಂದು ಮುಂದಾಗಿ ಸಂಚರಿಸುವುದು, ಇವೆರಡೂ ವಿಜ್ಞಾನ ಚಿತ್ರಗಳ ಹಳೆಯ ಸರಕುಗಳೇ ಸರಿ. ಗುಂಡಿನ ಮಳೆ, ಉರಿಯುವ ವಿಮಾನಗಳು, ಕುಸಿಯುವ ನಗರಗಳು ಇಷ್ಟೇ ಇದರಲ್ಲಿದ್ದಿದ್ದರೆ, ನೋಡಿ ಮನೆಗೆ ಬಂದೊಡನೆ ಮರೆಯಬಹುದಾಗಿತ್ತು. ಆದರೆ ಈ ಗದ್ದಲದ ಮರೆಯಲ್ಲಿ ಗಂಭೀರವಾದ ಒಂದು ವಿಚಾರ ಅಡಗಿದೆ. ಗಳಿಸಿದುದೆಲ್ಲವೂ ಪ್ರತಿದಿನ ಅಳಿಸಿಹೋಗುವುದಾದರೆ ಮನುಷ್ಯನ ಕೈಯಲ್ಲಿ ಉಳಿಯುವುದಾದರೂ ಯಾವುದು? ದುಡಿದು ಬಾಳುವ ಯಾರೂ ಉಪೇಕ್ಷಿಸಲಾಗದ ಪ್ರಶ್ನೆಯಿದು. ಆದುದರಿಂದಲೇ ಈ ಚಿತ್ರದ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕೆನಿಸುತ್ತದೆ.

ಒಂದೇ ಲೇಖನಿಯ ಎರಡು ಕಲ್ಪನೆಗಳು

ಕಾಲಯಾನ ಮತ್ತು ಅನ್ಯಗ್ರಹದವರ ದಾಳಿ, ಈ ಎರಡು ಕಲ್ಪನೆಗಳಿಗೂ ಇಂದಿನ ರೂಪ ಬಂದುದು ಬಹುಮಟ್ಟಿಗೆ ಒಬ್ಬನೇ ಲೇಖಕನಿಂದ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ ೧೮೯೫ರಲ್ಲಿ ‘ದಿ ಟೈಮ್ ಮೆಷೀನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಯಂತ್ರವೊಂದನ್ನೇರಿ ಎಂಟು ಲಕ್ಷ ವರ್ಷಗಳಾಚೆಯ ಭವಿಷ್ಯವನ್ನು ಕಂಡುಬರುವವನ ವೃತ್ತಾಂತ ಅದರಲ್ಲಿದೆ. ಮೂರು ವರ್ಷಗಳ ತರುವಾಯ, ೧೮೯೮ರಲ್ಲಿ, ಅದೇ ಲೇಖನಿಯಿಂದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಹೊರಬಂದಿತು. ಮಂಗಳ ಗ್ರಹದಿಂದ ಬಂದಿಳಿದವರು ಇಂಗ್ಲೆಂಡಿನ ಊರುಗಳನ್ನು ಸುಟ್ಟು ಹಾಳುಗೆಡವುತ್ತಾರೆ. ಅಂದಿನ ಬಲಿಷ್ಠ ಸಾಮ್ರಾಜ್ಯದ ಫಿರಂಗಿಗಳು ಅವರನ್ನು ತಡೆಯಲಾರವು. ಕೊನೆಗೆ ಅವರನ್ನು ಕೊಲ್ಲುವುದು ಕಣ್ಣಿಗೆ ಕಾಣದ ರೋಗಾಣುಗಳು. ಯುರೋಪಿನಿಂದ ಹೋದವರು ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ನಿರ್ನಾಮಗೊಳಿಸಿದುದನ್ನು ವೆಲ್ಸ್ ಆ ಪುಸ್ತಕದ ಮೊದಲಿನಲ್ಲಿಯೇ ನೆನಪಿಸುತ್ತಾನೆ. ಪರರ ನಾಡನ್ನು ನುಂಗಿದವರಿಗೆ, ನುಂಗಿಸಿಕೊಳ್ಳುವವರ ದಿಗಿಲನ್ನು ತಿಳಿಸುವುದು ಅವನ ಇಂಗಿತವಾಗಿತ್ತು.

ಈ ಎರಡು ಕಥಾಬೀಜಗಳು ತರುವಾಯದ ನೂರು ವರ್ಷಗಳಲ್ಲಿ ಬಹುಮಟ್ಟಿಗೆ ಬೇರೆ ಬೇರೆ ಪಾತಿಗಳಲ್ಲಿ ಬೆಳೆದವು. ‘ಎಡ್ಜ್ ಆಫ್ ಟುಮಾರೋ’ ಚಿತ್ರವಾದರೋ ಅವೆರಡನ್ನೂ ಒಂದೇ ನೊಗಕ್ಕೆ ಹೂಡಿತು. ಇಲ್ಲಿ ಕಾಲವೇ ವೈರಿಯ ಆಯುಧ. ದಾಳಿಯಿಟ್ಟ ಜೀವಿಗಳು ಸೋಲುವ ಸೂಚನೆ ಕಂಡೊಡನೆ ದಿನವನ್ನು ಹಿಂದಕ್ಕೆ ತಿರುಗಿಸುತ್ತವೆ. ಮನುಷ್ಯರು ಮುಂದೇನು ಮಾಡುವರೆಂಬುದನ್ನು ಆಗಲೇ ಕಂಡು ಅರಿತಿರುವ ಶತ್ರುವಿನೆದುರು ಯಾವ ಸೇನಾಪತಿಯ ಯೋಜನೆ ತಾನೇ ಫಲಿಸೀತು?

ಸ್ಟುಡಿಯೋದ ಶೂರ

ಕಥೆಯು ಆರಂಭವಾಗುವ ವೇಳೆಗೆ, ‘ಮಿಮಿಕ್’ ಎಂದು ಕರೆಯಲ್ಪಡುವ ಈ ಜೀವಿಗಳು ಯುರೋಪು ಖಂಡದ ಬಹುಭಾಗವನ್ನು ಆಕ್ರಮಿಸಿಕೊಂಡಿವೆ. ಫ್ರಾನ್ಸಿನ ವೆರ್ಡನ್ ಎಂಬಲ್ಲಿ ಮಾತ್ರ ಮಾನವ ಸೈನ್ಯಕ್ಕೆ ಜಯ ದೊರೆತಿದೆ. ಅಲ್ಲಿ ಯಂತ್ರಕವಚವನ್ನು ತೊಟ್ಟು ಹೋರಾಡಿದ ರೀಟಾ ವ್ರಟಾಸ್ಕಿ ಎಂಬ ವೀರಯುವತಿಯ ಚಿತ್ರ ಲಂಡನ್ನಿನ ಬಸ್ಸುಗಳ ಮೇಲೆಲ್ಲ ರಾರಾಜಿಸುತ್ತಿದೆ. ಆ ಜಯವನ್ನು ಮುಂದಿಟ್ಟುಕೊಂಡು ಜನರನ್ನು ಸೈನ್ಯಕ್ಕೆ ಸೇರಿಸುವ ಕೆಲಸ ಮೇಜರ್ ವಿಲಿಯಂ ಕೇಜನದು. ಇವನು ಮೊದಲು ಜಾಹೀರಾತಿನ ವ್ಯಾಪಾರದಲ್ಲಿದ್ದವನು. ಸಾಬೂನನ್ನು ಮಾರುವ ನಾಲಗೆಯಿಂದಲೇ ಯುದ್ಧವನ್ನೂ ಮಾರಬಲ್ಲವನು. ಇಸ್ತ್ರಿಯ ಸಮವಸ್ತ್ರವನ್ನು ಧರಿಸಿ ದೂರದರ್ಶನದ ಸ್ಟುಡಿಯೋಗಳಲ್ಲಿ ಕುಳಿತು, ಹೊಸ ಕವಚವಿರಲಾಗಿ ಯಾರೂ ಶೂರರಾಗಬಹುದೆಂದು ನಗುಮುಖದಿಂದ ಹೇಳುತ್ತಾನೆ. ರಣರಂಗವನ್ನು ಅವನು ಕಂಡವನಲ್ಲ.

ಫ್ರಾನ್ಸಿನ ಕರಾವಳಿಯ ಮೇಲೆ ಇಳಿಯಲಿರುವ ಸೇನೆಯ ಮೊದಲ ಸಾಲಿನೊಡನೆ ಹೋಗಿ ಚಿತ್ರೀಕರಿಸಬೇಕೆಂದು ಸೇನಾಪತಿ ಆಜ್ಞಾಪಿಸಿದಾಗ, ಈ ವಾಕ್ಶೂರನ ಮುಖ ಬಿಳುಪೇರುತ್ತದೆ. ಅವನು ನುಣುಚಿಕೊಳ್ಳಲು ನೋಡುತ್ತಾನೆ. ಅದು ಸಾಗದಿರಲು ಸೇನಾಪತಿಯನ್ನೇ ಹೆದರಿಸಲೆತ್ನಿಸುತ್ತಾನೆ. ಫಲವಾಗಿ ಬಂಧನಕ್ಕೊಳಗಾಗಿ, ಮರುದಿನ ಬೆಳಿಗ್ಗೆ ಸೈನಿಕ ಠಾಣೆಯಾಗಿ ಮಾರ್ಪಟ್ಟಿರುವ ಹೀಥ್ರೋ ವಿಮಾನನಿಲ್ದಾಣದಲ್ಲಿ ಕೈಕೋಳದೊಡನೆ ಕಣ್ತೆರೆಯುತ್ತಾನೆ. ಅವನ ಪದವಿ ಹೋಗಿದೆ. ಓಡಿಹೋಗಲೆತ್ನಿಸಿದ ಸಾಮಾನ್ಯ ಸಿಪಾಯಿಯೆಂದು ಅವನ ಕಾಗದಪತ್ರಗಳು ಸಾರುತ್ತಿವೆ. ತಾನು ಮೇಜರನೆಂದು ಅವನು ಎಷ್ಟು ಕೂಗಿಕೊಂಡರೂ ಸಾರ್ಜೆಂಟನು ನಕ್ಕು ಸುಮ್ಮನಾಗುತ್ತಾನೆ. ಕಾಗದವು ಒಂದು ಹೇಳಿ ಬಾಯಿ ಇನ್ನೊಂದು ಹೇಳಿದರೆ ಲೋಕವು ಯಾವುದನ್ನು ನಂಬುವುದೆಂಬುದು ಕಚೇರಿಗಳಲ್ಲಿ ದುಡಿಯುವವರಿಗೆ ತಿಳಿಯದ ಸಂಗತಿಯೇನಲ್ಲ.

ಈ ದಾಳಿಯ ದೃಶ್ಯಗಳಲ್ಲಿ ಇತಿಹಾಸದ ನೆರಳು ಸ್ಪಷ್ಟವಾಗಿ ಕಾಣುತ್ತದೆ. ೧೯೪೪ರ ಜೂನ್ ೬ರಂದು ಮಿತ್ರರಾಷ್ಟ್ರಗಳ ಸುಮಾರು ೧,೫೬,೦೦೦ ಸೈನಿಕರು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದರು. ಆ ಒಂದೇ ದಿನ ಅವರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಮಂದಿ ಪ್ರಾಣ ತೆತ್ತರು. ಆ ಘಟನೆಗೆ ಸರಿಯಾಗಿ ಎಪ್ಪತ್ತು ವರ್ಷ ತುಂಬಿದ ದಿನ, ೨೦೧೪ರ ಜೂನ್ ೬ರಂದು, ಈ ಚಿತ್ರವು ಅಮೆರಿಕೆಯಲ್ಲಿ ಬಿಡುಗಡೆಯಾಯಿತು. ವೆರ್ಡನ್ ಎಂಬ ಹೆಸರೂ ಬರಿಯ ಕಲ್ಪನೆಯಲ್ಲ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ, ಫ್ರೆಂಚರೂ ಜರ್ಮನರೂ ಲಕ್ಷಗಟ್ಟಲೆ ತರುಣರನ್ನು ಬಲಿಗೊಟ್ಟ ಮಣ್ಣದು. ದಿನದಿನವೂ ಅದೇ ಕಂದಕ, ಅದೇ ಗುಡ್ಡ, ಅದೇ ಸಾವು. ದಿನವು ಮರುಕಳಿಸುವುದೆಂಬ ಕಲ್ಪನೆಗೆ ಆ ಹೆಸರಿಗಿಂತ ತಕ್ಕುದಾದ ಹೆಸರು ದೊರೆಯುವುದು ಕಷ್ಟ.

ಮುಗಿಯದ ಮುಂಜಾವು

ಕಡಲತೀರದಲ್ಲಿ ಇಳಿದ ಕೇಜನಿಗೆ ತನ್ನ ಬಂದೂಕಿನ ಕೀಲಿಯನ್ನು ತೆಗೆಯುವುದು ಹೇಗೆಂಬುದು ಕೂಡ ತಿಳಿಯದು. ಶತ್ರುವು ಮೊದಲೇ ಹೊಂಚು ಹಾಕಿ ಕುಳಿತಿದೆ. ಕೆಲವು ನಿಮಿಷಗಳಲ್ಲಿ ಅವನು ಸಾಯುತ್ತಾನೆ. ಆದರೆ ಸಾಯುವಾಗ ‘ಆಲ್ಫಾ’ ಎಂಬ ವಿಶೇಷ ಜಾತಿಯ ಜೀವಿಯೊಂದನ್ನು ಸ್ಫೋಟಕದಿಂದ ಕೊಂದಿರುತ್ತಾನೆ. ಅದರ ರಕ್ತವು ಅವನ ದೇಹವನ್ನು ಸೇರುತ್ತದೆ. ಮರುಕ್ಷಣವೇ ಅವನು ಹಿಂದಿನ ದಿನದ ಬೆಳಗಿನಲ್ಲಿ, ಅದೇ ವಿಮಾನನಿಲ್ದಾಣದಲ್ಲಿ, ಅದೇ ಬೈಗುಳವನ್ನು ಕೇಳುತ್ತ ಎಚ್ಚರಗೊಳ್ಳುತ್ತಾನೆ. ಕಾಲವನ್ನು ಹಿಂದಿರುಗಿಸುವ ಶಕ್ತಿ ಇರುವುದು ಆ ಜೀವಿಗಳ ಮೂಲಚೇತನವಾದ ‘ಒಮೆಗಾ’ದಲ್ಲಿ. ಆಲ್ಫಾ ಸತ್ತರೆ ಒಮೆಗಾ ದಿನವನ್ನು ಹಿಂದಕ್ಕೆಳೆಯುತ್ತದೆ. ಆ ರಕ್ತದ ನಂಟಿನಿಂದಾಗಿ ಕೇಜನ ಸಾವೂ ಅದೇ ಪರಿಣಾಮವನ್ನುಂಟುಮಾಡುತ್ತದೆ.

ಈ ಶಕ್ತಿ ಹಿಂದೊಮ್ಮೆ ರೀಟಾಳಿಗೂ ಇತ್ತು. ವೆರ್ಡನ್ನಿನ ಜಯದ ಗುಟ್ಟೂ ಅದೇ. ಗಾಯಗೊಂಡಾಗ ಬೇರೆಯವರ ರಕ್ತವನ್ನು ಕೊಟ್ಟುದರಿಂದ ಅವಳು ಅದನ್ನು ಕಳೆದುಕೊಂಡಳು. ಆದುದರಿಂದ ಕೇಜನ ಮಾತನ್ನು ನಂಬಬಲ್ಲ ಯೋಧಳು ಅವಳೊಬ್ಬಳೇ. ಅವನಿಗೆ ಶಿಕ್ಷಣ ಕೊಡುವವಳೂ ಅವಳೇ. ಆ ಶಿಕ್ಷಣದ ಕ್ರಮವಾದರೋ ಭಯಂಕರವಾದುದು. ಅವನ ಕಾಲು ಮುರಿದರೆ, ಬೆನ್ನು ಮುರಿದರೆ, ಅವಳು ಚಿಕಿತ್ಸೆಗೆ ಕಳುಹಿಸುವುದಿಲ್ಲ; ಪಿಸ್ತೂಲನ್ನು ತೆಗೆದು ಅವನ ತಲೆಗೆ ಗುಂಡಿಕ್ಕುತ್ತಾಳೆ. ಬೆಳಗು ಮರಳುತ್ತದೆ, ಪಾಠವು ಮೊದಲಿನಿಂದ ನಡೆಯುತ್ತದೆ. ನಗೆಯೂ ನಡುಕವೂ ಒಟ್ಟಿಗೆ ಬರುವಂತಹ ದೃಶ್ಯಗಳಿವು. ಚಿತ್ರೀಕರಣದಲ್ಲಿ ನಟರು ತೊಟ್ಟ ಯಂತ್ರಕವಚಗಳು ನಿಜವಾಗಿಯೂ ೩೫ ಕಿಲೋಗ್ರಾಂಗೂ ಮಿಕ್ಕಿ ತೂಗುತ್ತಿದ್ದವು. ತೆರೆಯ ಮೇಲೆ ಕಾಣುವ ಏದುಸಿರಿನಲ್ಲಿ ಅಭಿನಯ ಸ್ವಲ್ಪ, ಆಯಾಸ ಬಹಳ.

ಬೇತಾಳನ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಕಥೆಯ ನಡಿಗೆ ಪರಕೀಯವೆನಿಸದು. ಮರದಿಂದ ಶವವನ್ನಿಳಿಸಿ ಹೆಗಲಿಗೇರಿಸಿಕೊಂಡು ನಡೆಯುವ ರಾಜನು ಮೌನ ಮುರಿದೊಡನೆ ಶವವು ಮರಳಿ ಮರವನ್ನೇರುತ್ತದೆ. ರಾಜನು ಮತ್ತೆ ಮೊದಲಿನಿಂದ ನಡೆಯಬೇಕಾಗುತ್ತದೆ. ಅವನ ಬೆನ್ನಿಗಿರುವುದು ಛಲವೊಂದೇ. ಛಲ ಬಿಡದ ತ್ರಿವಿಕ್ರಮನೆಂಬ ನಮ್ಮ ನುಡಿಗಟ್ಟು ಹುಟ್ಟಿದುದು ಆ ಮಸಣದ ಹಾದಿಯಲ್ಲಿ. ಆದರೆ ಒಂದು ಭೇದವುಂಟು. ತ್ರಿವಿಕ್ರಮನು ಮೊದಲ ಹೆಜ್ಜೆಯಿಂದಲೇ ಧೀರನು. ಕೇಜನು ಮೊದಲ ಹೆಜ್ಜೆಯಲ್ಲಿ ಹೇಡಿ. ಧೈರ್ಯವು ಅವನ ಹುಟ್ಟುಗುಣವಲ್ಲ. ಕೈಕೆಲಸದಂತೆ ಅವನು ಅದನ್ನು ಬಿದ್ದು, ಎದ್ದು, ತಪ್ಪಿ, ತಿದ್ದಿ ಕಲಿಯುತ್ತಾನೆ. ಹುಟ್ಟುವೀರರ ಕಥೆಗಳು ನಮ್ಮನ್ನು ಬೆರಗುಗೊಳಿಸಿ ಕೈಬಿಡುತ್ತವೆ. ಕಲಿತು ವೀರನಾದವನ ಕಥೆಯಲ್ಲಿ ನಮ್ಮಂತಹವರಿಗೂ ಒಂದು ಪಾಲಿದೆ.

ನೆನಪಿನ ಹೊರೆ

ದಿನವೊಂದು ಮರುಕಳಿಸುವ ಕಲ್ಪನೆಯನ್ನು ಇದಕ್ಕೂ ಮೊದಲು ಜನಪ್ರಿಯಗೊಳಿಸಿದ ಚಿತ್ರ ೧೯೯೩ರ ‘ಗ್ರೌಂಡ್‌ಹಾಗ್ ಡೇ’. ಹ್ಯಾರಲ್ಡ್ ರೇಮಿಸ್ ನಿರ್ದೇಶಿಸಿದ ಆ ವಿನೋದಚಿತ್ರದಲ್ಲಿ ಬಿಲ್ ಮರ‍್ರೆ ಗರ್ವಿಷ್ಠನಾದ ಹವಾಮಾನ ವರದಿಗಾರನಾಗಿ ನಟಿಸಿದ್ದಾರೆ. ಅಮೆರಿಕೆಯ ಸಣ್ಣ ಊರೊಂದರಲ್ಲಿ ಫೆಬ್ರವರಿ ೨ರ ದಿನವೇ ಅವನಿಗೆ ಮತ್ತೆ ಮತ್ತೆ ಒದಗುತ್ತದೆ. ಪಿಯಾನೋ ನುಡಿಸಲು ಕಲಿತು, ಊರವರಿಗೆ ಉಪಕಾರಿಯಾಗಿ, ಅಂತೂ ಮನುಷ್ಯನಾದ ಮೇಲೆ ಅವನಿಗೆ ಬಿಡುಗಡೆ. ಅಲ್ಲಿ ಪಣಕ್ಕಿಟ್ಟಿದ್ದು ಒಬ್ಬನ ನಡತೆ. ಇಲ್ಲಿ ಪಣಕ್ಕಿಟ್ಟಿರುವುದು ಮನುಕುಲದ ಉಳಿವು.

ಆದರೂ ‘ಎಡ್ಜ್ ಆಫ್ ಟುಮಾರೋ’ ಚಿತ್ರದ ಅತ್ಯುತ್ತಮ ಭಾಗವು ಯುದ್ಧದ್ದಲ್ಲ. ಕೇಜನೂ ರೀಟಾಳೂ ಕಡಲತೀರವನ್ನು ದಾಟಿ, ಹಾಳುಬಿದ್ದ ತೋಟದ ಮನೆಯೊಂದನ್ನು ಸೇರುತ್ತಾರೆ. ಅವನು ಅವಳಿಗೆ ಕಾಫಿ ಮಾಡಿಕೊಡುತ್ತಾನೆ. ಅವಳಿಗೆ ಎಷ್ಟು ಸಕ್ಕರೆ ಬೇಕೆಂಬುದು ಅವನಿಗೆ ಕೇಳದೆಯೇ ತಿಳಿದಿದೆ. ಆಗ ಅವಳಿಗೆ ಅರಿವಾಗುತ್ತದೆ: ತಾವು ಇಲ್ಲಿಗೆ ಬಂದುದು ಇದೇ ಮೊದಲಲ್ಲ, ತನ್ನ ಸಾವನ್ನು ಇವನು ಇಲ್ಲಿಯೇ ಅದೆಷ್ಟು ಸಲ ಕಂಡಿದ್ದಾನೋ! ಇಲ್ಲಿಂದ ಮುಂದೆ ಹೋದಾಗಲೆಲ್ಲ ಅವಳು ಸಾಯುತ್ತಾಳೆ. ಅವಳನ್ನು ಉಳಿಸುವ ದಾರಿ ಅವನಿಗೆ ದೊರೆತಿಲ್ಲ. ಅವಳ ಪಾಲಿಗೆ ಅವನು ಒಂದು ದಿನದ ಪರಿಚಿತ. ಅವನ ಪಾಲಿಗೆ ಅವಳು ಒಂದು ಬಾಳಿನ ಜೊತೆಗಾತಿ. ಪ್ರತಿ ಮುಂಜಾನೆಯೂ ಅವನು ತನ್ನ ಪರಿಚಯವನ್ನು ಮೊದಲಿನಿಂದ ಹೇಳಿಕೊಳ್ಳಬೇಕು. ನೆನಪು ಒಬ್ಬನಲ್ಲಿಯೇ ಉಳಿದರೆ ಅದು ವರವೂ ಹೌದು, ಶಾಪವೂ ಹೌದು ಎಂಬುದನ್ನು ಇಷ್ಟು ಮಿತವಾದ ಮಾತಿನಲ್ಲಿ ಹೇಳಿದ ಚಿತ್ರಗಳು ಹೆಚ್ಚಿಲ್ಲ.

ತನ್ನ ತುಕಡಿಯ ಸಿಪಾಯಿಗಳೊಡನೆ ಅವನ ನಡತೆಯೂ ಹೀಗೆಯೇ ಬದಲಾಗುತ್ತದೆ. ಮೊದಮೊದಲು ಅವರೆಲ್ಲ ಅವನ ಕಣ್ಣಿಗೆ ಒರಟರು, ದಾರಿಗಡ್ಡವಾದವರು. ದಿನಗಳುರುಳಿದಂತೆ ಒಬ್ಬೊಬ್ಬರ ಹೆಸರು, ಅವರ ಗುಟ್ಟು, ಅವರ ಅಳುಕು ಎಲ್ಲವೂ ಅವನಿಗೆ ಕಂಠಸ್ಥವಾಗುತ್ತವೆ. ಕೊನೆಯಲ್ಲಿ ಅವರನ್ನು ಒಲಿಸಿ ಜೊತೆಗೆ ಕರೆದೊಯ್ಯಲು ನೆರವಾಗುವುದು ಆ ತಿಳಿವಳಿಕೆಯೇ. ಮೇಜರ್ ಪದವಿಯು ಎಂದೂ ಕೊಡದಿದ್ದ ಅಧಿಕಾರವನ್ನು ಅದು ಅವನಿಗೆ ಕೊಡುತ್ತದೆ.

ವಿಜ್ಞಾನದ ಒರೆಗಲ್ಲು

ಇಂತಹದು ಸಾಧ್ಯವೇ ಎಂದು ವಾಚಕರು ಕೇಳಬಹುದು. ಕಾಲದ ಗತಿ ಎಲ್ಲೆಡೆಯೂ ಒಂದೇ ಅಲ್ಲವೆಂಬುದಂತೂ ಸಿದ್ಧವಾದ ಸತ್ಯ. ಐನ್‌ಸ್ಟೈನರು ೧೯೦೫ರಲ್ಲಿ ಮತ್ತು ೧೯೧೫ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತಗಳ ಪ್ರಕಾರ, ವೇಗವೂ ಗುರುತ್ವಾಕರ್ಷಣೆಯೂ ಗಡಿಯಾರದ ನಡಿಗೆಯನ್ನು ಬದಲಿಸುತ್ತವೆ. ೧೯೭೧ರಲ್ಲಿ ಹೇಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟುಕೊಂಡು ಭೂಮಿಯನ್ನು ಸುತ್ತಿಬಂದು ಇದನ್ನು ಪರೀಕ್ಷಿಸಿದರು. ಇಂದು ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಭೂಮಿಯ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು ೩೮ ಮೈಕ್ರೋಸೆಕೆಂಡು ಮುಂದಾಗುತ್ತವೆ. ಅದನ್ನು ಸರಿಪಡಿಸದಿದ್ದರೆ ದಾರಿಯೇ ತಪ್ಪುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ಮೈಕ್ರೋಸೆಕೆಂಡು.

ಇದು ಕಾಲವು ನಿಧಾನವಾಗಿಯೋ ಬೇಗನೆಯೋ ಮುಂದಕ್ಕೆ ಸಾಗುವ ಮಾತಾಯಿತು. ಹಿಂದಕ್ಕೆ ಹೋಗುವುದು ಬೇರೆಯೇ ವಿಷಯ. ೧೯೪೯ರಲ್ಲಿ ಕುರ್ಟ್ ಗೋಡೆಲ್ ಎಂಬ ತರ್ಕಶಾಸ್ತ್ರಜ್ಞರು, ಐನ್‌ಸ್ಟೈನರ ಸಮೀಕರಣಗಳಿಗೆ ತನ್ನ ಭೂತಕಾಲಕ್ಕೇ ಮರಳುವ ಪಥಗಳುಳ್ಳ ವಿಶ್ವವೂ ಒಂದು ಪರಿಹಾರವಾಗಬಲ್ಲುದೆಂದು ಲೆಕ್ಕ ಹಾಕಿ ತೋರಿಸಿದರು. ಆದರೆ ಅವರು ಕಲ್ಪಿಸಿದ ವಿಶ್ವ ಒಟ್ಟಾರೆಯಾಗಿ ತಿರುಗುತ್ತಿರುವಂತಹುದು. ನಾವಿರುವ ವಿಶ್ವ ಹಾಗೆ ತೋರುವುದಿಲ್ಲ. ಭೂತಕಾಲಕ್ಕೆ ಹೋಗಿಬಂದವರು ಯಾರೂ ಇಲ್ಲ.

ಚಿತ್ರದ ಕಥೆಗಾರರು ಇಲ್ಲೊಂದು ಜಾಣತನ ತೋರಿದ್ದಾರೆ. ಅವರ ನಾಯಕನ ದೇಹವು ಹಿಂದಕ್ಕೆ ಹೋಗುವುದಿಲ್ಲ. ಅವನ ಗಾಯಗಳೂ, ಆಯುಧಗಳೂ, ಪಡೆದ ಮನ್ನಣೆಯೂ ಹಿಂದೆಯೇ ಉಳಿಯುತ್ತವೆ. ಹಿಂದಿರುಗುವುದು ನೆನಪು ಮಾತ್ರ. ಎಲ್ಲವೂ ಅಳಿಸಿಹೋದ ಮೇಲೆ ಉಳಿಯುವುದು ಯಾವುದೆಂಬ ಪ್ರಶ್ನೆಗೆ ಚಿತ್ರದ ಉತ್ತರವೂ ಇದೇ ಆಗಿದೆ: ಕಲಿತುದು ಉಳಿಯುತ್ತದೆ, ಮಿಕ್ಕುದೆಲ್ಲ ಹೋಗುತ್ತದೆ.

ಜಪಾನಿನ ಮೂಲ, ಹಾಲಿವುಡ್ಡಿನ ಮುಕ್ತಾಯ

ಈ ಚಿತ್ರಕ್ಕೆ ಆಧಾರವಾದುದು ಹಿರೋಶಿ ಸಕುರಾಜಾಕ ಎಂಬ ಜಪಾನೀ ಲೇಖಕರ ‘ಆಲ್ ಯು ನೀಡ್ ಈಸ್ ಕಿಲ್’ ಎಂಬ ಕಾದಂಬರಿ. ಅದು ಪ್ರಕಟವಾದುದು ೨೦೦೪ರಲ್ಲಿ. ಅದರ ನಾಯಕ ಕೆಯ್ಜಿ ಕಿರಿಯಾ ಎಂಬ ಹೊಸ ಸಿಪಾಯಿ. ತಾನು ಎಷ್ಟನೆಯ ಸಲ ಆ ದಿನವನ್ನು ಕಾಣುತ್ತಿರುವೆನೆಂಬುದನ್ನು ಕೈಯ ಮೇಲೆ ಬರೆದುಕೊಳ್ಳುವವನು. ಸೋತರೆ ಮೊದಲಿನಿಂದ ಆಡುವ ವಿಡಿಯೋ ಆಟಗಳ ರೀತಿಯೂ ಆ ಕಥೆಯ ಕಟ್ಟಿನಲ್ಲಿ ಕಾಣುತ್ತದೆ.

ಎರಡೂ ಕೃತಿಗಳು ಅಗಲುವುದು ಕೊನೆಯಲ್ಲಿ. ಕಾದಂಬರಿಯಲ್ಲಿ, ಆ ಶಕ್ತಿಯನ್ನು ಪಡೆದ ಇಬ್ಬರೂ ಬದುಕಿರುವವರೆಗೆ ದಿನದ ಸುತ್ತು ಮುಗಿಯದು. ರೀಟಾಳೂ ಕೆಯ್ಜಿಯೂ ಪರಸ್ಪರ ಸೆಣಸಬೇಕಾಗುತ್ತದೆ. ಅವನ ಕೈಯಿಂದಲೇ ಅವಳು ಮಡಿಯುತ್ತಾಳೆ. ನಾಳೆಯೆಂಬುದು ಬರುತ್ತದೆ, ಆದರೆ ಅದರ ಬೆಲೆಯನ್ನು ಅವನು ಬಾಳೆಲ್ಲ ಹೊರಬೇಕು. ಚಿತ್ರವು ಬೇರೆ ದಾರಿ ಹಿಡಿಯುತ್ತದೆ. ಕೊನೆಯ ಯುದ್ಧಕ್ಕೆ ಮೊದಲು ಕೇಜನೂ ರಕ್ತ ಬದಲಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಒಮೆಗಾ ಅಡಗಿರುವುದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನ ತಳದಲ್ಲಿ. ಅಲ್ಲಿಗೆ ಅವನು ಹಿಂದೆಂದೂ ಹೋದವನಲ್ಲ, ಮುಂದೇನೆಂಬುದು ತಿಳಿಯದು, ಸತ್ತರೆ ಮರಳಿ ಏಳುವಂತಿಲ್ಲ. ಅಲ್ಲಿಯವರೆಗಿನ ಸಾವುಗಳೆಲ್ಲ ತಾಲೀಮು, ಇದೀಗ ನಿಜವಾದ ರಂಗಪ್ರವೇಶ. ಚಿತ್ರದ ಮೌಲ್ಯವು ಅತ್ಯಂತ ಎತ್ತರಕ್ಕೇರುವುದು ಇಲ್ಲಿ.

ಏರಿದಷ್ಟೇ ಬೇಗ ಅದು ಇಳಿದುಬಿಡುವುದು ವಿಷಾದದ ಸಂಗತಿ. ಒಮೆಗಾವನ್ನು ಕೊಂದು ತಾನೂ ಸಾಯುತ್ತಿರುವ ಕೇಜನ ಮೈಗೆ ಅದರ ರಕ್ತವು ಸೇರುತ್ತದೆ. ಕಾಲವು ಇನ್ನೂ ಹಿಂದಕ್ಕೆ ಸರಿದು, ಅವನು ಮೇಜರನಾಗಿಯೇ ಎಚ್ಚರಗೊಳ್ಳುತ್ತಾನೆ. ಯುದ್ಧ ಮುಗಿದಿದೆ, ರೀಟಾ ಬದುಕಿದ್ದಾಳೆ, ತುಕಡಿಯವರೆಲ್ಲರೂ ಕ್ಷೇಮ. ಪ್ರೇಕ್ಷಕನು ನಗುತ್ತ ಹೊರಬರಲೆಂಬುದು ನಿರ್ಮಾಪಕರ ಆಶಯವಿದ್ದೀತು. ಆದರೆ ಒಂದೂಮುಕ್ಕಾಲು ಗಂಟೆಯ ಕಾಲ ಪ್ರತಿಯೊಂದಕ್ಕೂ ಬೆಲೆ ಕೇಳಿದ ಕಥೆಯು ಕೊನೆಯ ಐದು ನಿಮಿಷಗಳಲ್ಲಿ ಎಲ್ಲವನ್ನೂ ಪುಕ್ಕಟೆಯಾಗಿ ಹಿಂದಿರುಗಿಸಿಬಿಟ್ಟರೆ, ತೆತ್ತ ಬೆಲೆಯೇ ಹಗುರವಾಗುವುದಿಲ್ಲವೇ? ಈ ವಿಷಯದಲ್ಲಿ ಜಪಾನಿನ ಕಾದಂಬರಿಯೇ ಹೆಚ್ಚು ಪ್ರಾಮಾಣಿಕವಾದುದು. ಆ ಮುಗುಳ್ನಗೆಯ ಮುಕ್ತಾಯವು ಅಮೆರಿಕೆಯ ಥಿಯೇಟರುಗಳನ್ನು ತುಂಬಿಸಲೂ ಇಲ್ಲ. ಸುಮಾರು ೧೭ ಕೋಟಿ ೮೦ ಲಕ್ಷ ಡಾಲರ್ ವೆಚ್ಚದ ಈ ಚಿತ್ರ ಅಲ್ಲಿ ಗಳಿಸಿದುದು ಸುಮಾರು ೧೦ ಕೋಟಿ ಡಾಲರ್ ಮಾತ್ರ. ಇಡೀ ಜಗತ್ತಿನ ಗಳಿಕೆ ಸೇರಿ ಸುಮಾರು ೩೭ ಕೋಟಿ ಡಾಲರ್ ಆಯಿತು. ವರ್ಷಗಳು ಕಳೆದಂತೆ ಮಾತ್ರ ಅದರ ಮೆಚ್ಚುಗೆ ಬೆಳೆಯುತ್ತಲೇ ಬಂದಿದೆ.

ಮರಳಿ ಬಾರದ ದಿನ

ಮುಂಜಾನೆ ನಾಲ್ಕಕ್ಕೆದ್ದು ಅದೇ ಒಲೆಯನ್ನು ಹೊತ್ತಿಸುವವರಿಗೂ, ಅದೇ ಲೋಕಲ್ ರೈಲನ್ನು ಹಿಡಿದು ಅದೇ ಮೇಜಿನ ಮುಂದೆ ಕುಳಿತುಕೊಳ್ಳುವವರಿಗೂ ಕೇಜನ ಬೆಳಗು ಅಪರಿಚಿತವಲ್ಲ. ನಿನ್ನೆಯಂತೆಯೇ ಇಂದು, ಇಂದಿನಂತೆಯೇ ನಾಳೆ ಎಂಬ ಬೇಸರ ಯಾರನ್ನು ತಾನೇ ಬಿಟ್ಟಿದೆ? ಆದರೆ ಬಿಸಿ ಹೆಂಚಿನ ಮೇಲೆ ಹಿಟ್ಟನ್ನು ಹದವಾಗಿ ಹರಡುವ ಕೈಯಾಗಲಿ, ಉದ್ದನೆಯ ಲೆಕ್ಕದಲ್ಲಿ ತಪ್ಪಿದ ಅಂಕಿಯನ್ನು ಕ್ಷಣದಲ್ಲಿ ಹಿಡಿಯುವ ಕಣ್ಣಾಗಲಿ ಒಂದು ದಿನದಲ್ಲಿ ಬಂದುದಲ್ಲ. ಒಂದರಂತೆ ಒಂದು ಕಂಡ ಆ ದಿನಗಳೇ ಅದನ್ನು ಕಲಿಸಿದವು. ಒಡನೆ ದುಡಿಯುವವನ ಸ್ವಭಾವವನ್ನೂ ಸಂಕಟವನ್ನೂ ತಿಳಿಸಿಕೊಟ್ಟವೂ ಆ ದಿನಗಳೇ.

ಕೇಜನಿಗಿದ್ದ ಒಂದು ಸೌಕರ್ಯ ಮಾತ್ರ ನಮಗಿಲ್ಲ. ಇಂದು ಆಡಿದ ಬಿರುನುಡಿಯನ್ನು ನಾಳೆ ಬೆಳಗಾಗುವುದರೊಳಗೆ ಅಳಿಸಿ, ಮೊದಲಿನಿಂದ ಆರಂಭಿಸುವಂತಿಲ್ಲ. ಊರಿಗೆ ಬರೆಯದೆ ಬಿಟ್ಟ ಕಾಗದ, ಕೇಳದೆ ಬಿಟ್ಟ ಯೋಗಕ್ಷೇಮ ಬಿಟ್ಟುಹೋದ ಹಾಗೆಯೇ. ಶಕ್ತಿ ಕಳೆದುಕೊಂಡ ಮೇಲೆ ಪ್ಯಾರಿಸ್ಸಿಗೆ ಹೊರಟ ಕೇಜನ ಸ್ಥಿತಿಯೇ ನಮ್ಮ ದಿನದಿನದ ಸ್ಥಿತಿ.

ಚಿತ್ರದ ಅವಧಿ ೧೧೩ ನಿಮಿಷಗಳು. ಸಾವುನೋವಿನ ದೃಶ್ಯಗಳು ಹೇರಳವಾಗಿರುವುದರಿಂದ ಎಳೆಯ ಮಕ್ಕಳಿಗೆ ತಕ್ಕುದಲ್ಲ. ಮಿಕ್ಕವರು ಬಿಡುವಿನ ಸಂಜೆಯೊಂದನ್ನು ಇದಕ್ಕಾಗಿ ವಿನಿಯೋಗಿಸಿದರೆ ನಷ್ಟವಾಗದು. ಕೊನೆಯ ಐದು ನಿಮಿಷಗಳನ್ನು ಕ್ಷಮಿಸಿ, ತೋಟದ ಮನೆಯ ಆ ಕಾಫಿಯ ದೃಶ್ಯವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.